ಕ್ರಿಸ್ಮಸ್ ಊಟದ ಮೇಜಿಗೆ ನಮ್ಮೂರ ಹೂ, ಹಸಿರು, ಹಣ್ಣು: ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಹತ್ತಿರ ಬಂದಂತೆ ಕಾರವಾರ, ಅಂಕೋಲಾ, ಹೊನ್ನಾವರ, ಶಿರಸಿ ಕಡೆಯವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಹೆಚ್ಚಿನವರು ಪರದೇಶದ ಚಿತ್ರವೊಂದನ್ನು ತೋರಿಸಿ, ಅದರಲ್ಲಿರುವ ಸೊಪ್ಪು, ಕೆಂಪು ಕಾಯಿ ನಮ್ಮಲ್ಲಿ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಹುಡುಕಿಕೊಂಡು ಹೋಗಬೇಡಿ ಎನ್ನುತ್ತೇನೆ. ಆ ತಿಂಗಳಲ್ಲಿ ಘಟ್ಟದ ಮೇಲೆ ಏನು ಹಣ್ಣಾಗಿದೆ, ಘಟ್ಟದ ಕೆಳಗೆ ಏನು ಅರಳಿದೆ ಎಂದು ಮೊದಲು ನೋಡಿ. ನಾತಾಳದ, ಅಂದರೆ ಕ್ರಿಸ್ಮಸ್ಸಿನ, ಮೇಜಿಗೆ ಬೇಕಾದ ಕೆಂಪು, ಹಸಿರು, ಬಂಗಾರದ ಬಣ್ಣ ಮೂರೂ ನಮ್ಮ ಜಿಲ್ಲೆಯ ಹಿತ್ತಲಲ್ಲೇ ಇವೆ.

ಪೈನ್ ಸೊಪ್ಪು ಇಲ್ಲಿ ಸಿಗುವುದಿಲ್ಲ. ಅದರ ಬದಲು ಏನು ಹಾಕಬಹುದು?

ಎಲ್ಲರಿಗೂ ಮೊದಲು ನೆನಪಾಗುವುದು ಗಾಳಿಮರ. ಕಾರವಾರದ ಕಡಲ ತಡಿಯಲ್ಲಿ ಸಾಲಾಗಿ ನಿಂತಿರುವ ಈ ಮರವನ್ನು ನಮ್ಮ ಕರಾವಳಿಗೆ ತಂದು ನೆಟ್ಟದ್ದು 1860ರ ದಶಕದಲ್ಲಿ. ನೋಡಲು ಪೈನ್‌ನಂತಿದ್ದರೂ ಅದು ಪೈನ್ ಜಾತಿಯದಲ್ಲ. ಸೂಜಿಯಂತೆ ಕಾಣುವವು ಎಲೆಗಳಲ್ಲ, ಗಂಟುಗಂಟಾದ ತೆಳು ರೆಂಬೆಗಳು. ಹಾಗಾಗಿ ಕತ್ತರಿಸಿದ ಮೇಲೆ ಬೇಗ ಒಣಗುತ್ತದೆ, ಮುಟ್ಟಿದರೆ ಗಂಟಿನಲ್ಲಿ ಮುರಿದು ಅನ್ನದ ಮೇಲೆಲ್ಲ ಉದುರುತ್ತದೆ. ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಸುತ್ತ, ಬಾಗಿಲ ಬಳಿ ಅದು ಚೆಂದ. ಊಟದ ಮೇಜಿಗೆ ನಾನು ಅದನ್ನು ತರುವುದಿಲ್ಲ. ಅದರ ಪುಟ್ಟ ಕಾಯಿಗಳನ್ನು ಮಾತ್ರ ಆರಿಸಿ, ತೊಳೆದು, ಒಣಗಿಸಿ ಬಳಸುತ್ತೇನೆ. ಬಣ್ಣ ಬಳಿಯುವ ಅಗತ್ಯವಿಲ್ಲ. ಆ ಕಂದು ಬಣ್ಣವೇ ಹಸಿರಿನ ನಡುವೆ ಚೆನ್ನಾಗಿ ಎದ್ದು ಕಾಣುತ್ತದೆ.

ಮೇಜಿಗೆ ನನ್ನ ಮೊದಲ ಆಯ್ಕೆ ಮುರುಗಲು (ಕೋಕಂ) ಸೊಪ್ಪು. ಮೇಲ್ಭಾಗ ಕಡುಹಸಿರು, ಹೊಳಪು ಇರುತ್ತದೆ. ಗೆಲ್ಲುಗಳು ತಾವಾಗಿಯೇ ಕೆಳಗೆ ಬಾಗಿರುವುದರಿಂದ ಪಾತ್ರೆಯ ಅಂಚಿನಿಂದ ಇಳಿಬಿಡಲು ಹೇಳಿ ಮಾಡಿಸಿದಂತಿದೆ. ಚಿಗುರು ಬಂದ ಗೆಲ್ಲು ಸಿಕ್ಕರೆ ತುದಿಯಲ್ಲಿ ಕೆಂಪು ಎಲೆಯೂ ಇರುತ್ತದೆ. ದಾಲ್ಚಿನ್ನಿ ಎಲೆಗೆ ಮೂರು ಉದ್ದ ಗೆರೆಯ ಅಂದವಿದೆ, ಹಿಸುಕಿದರೆ ಪರಿಮಳವೂ ಬರುತ್ತದೆ. ಮಾವಿನೆಲೆ ಎಲ್ಲರ ಮನೆಯಲ್ಲೂ ಇದೆ, ಬಾಡಿದರೂ ಆಕಾರ ಕೆಡುವುದಿಲ್ಲ. ಶಿರಸಿ, ಸಿದ್ದಾಪುರದವರಿಗೆ ತೋಟದ ಅಂಚಿನ ಜರಿಗಿಡ ಧಾರಾಳ. ಆದರೆ ಕಾರವಾರದ ಸೆಕೆಗೆ ಅದು ಮಧ್ಯಾಹ್ನದೊಳಗೆ ಸುರುಟಿಕೊಳ್ಳುತ್ತದೆ. ಘಟ್ಟ ಇಳಿಸಿ ತರುವ ಶ್ರಮ ಬೇಡ.

ಇನ್ನೊಂದಿದೆ, ರಾಗಿ ಪೈರು. ಗೋದಲಿಗೆ ಹುಲ್ಲು ಬೇಕೆಂದು ಹಬ್ಬಕ್ಕೆ ಹತ್ತು ದಿನ ಮೊದಲು ತಟ್ಟೆಯಲ್ಲಿ ರಾಗಿ ಬಿತ್ತುವ ಮನೆಗಳು ಕರಾವಳಿಯಲ್ಲಿ ಎಷ್ಟೋ ಇವೆ. ಬಿತ್ತುವಾಗಲೇ ಎರಡು ಗೆರಟೆಯಲ್ಲೂ ಮಣ್ಣು ತುಂಬಿ ರಾಗಿ ಉದುರಿಸಿ. ಡಿಸೆಂಬರ್ 24ರ ಹೊತ್ತಿಗೆ ಎಳೆ ಹಸಿರಿನ ಎರಡು ಪುಟ್ಟ ಗದ್ದೆ ಮೇಜಿಗೆ ಸಿದ್ಧ.

ಕೆಂಪು ಬಣ್ಣಕ್ಕೆ ಏನು ಮಾಡಲಿ? ಪರದೇಶದ ಚಿತ್ರಗಳಲ್ಲಿರುವ ಹಾಲಿ (holly) ಗಿಡದ ಕೆಂಪು ಕಾಯಿಯಂಥದ್ದು ಇಲ್ಲಿದೆಯೇ?

ಇದೆ, ಅದೂ ನಾಲ್ಕೈದು ಬಗೆ.

ಕಾಳುಮೆಣಸಿನ ಕೊಯ್ಲು ಶುರುವಾಗುವ ಕಾಲ ಅದು. ಗೊಂಚಲಿನಲ್ಲಿ ಹಸಿರು ಕಾಳುಗಳ ನಡುವೆ ಅಲ್ಲೊಂದು ಇಲ್ಲೊಂದು ಕೆಂಪಾಗಿರುತ್ತದೆ. ಅಂಥ ಗೊಂಚಲು ಏಳೆಂಟು ಸಾಕು. ಬಳ್ಳಿ ಕತ್ತರಿಸಬೇಡಿ, ಗೊಂಚಲನ್ನಷ್ಟೇ ಬಿಡಿಸಿಕೊಳ್ಳಿ. ಹಬ್ಬ ಮುಗಿದ ಮೇಲೆ ಒಣಗಿಸಿದರೆ ಮೆಣಸು ಡಬ್ಬಿ ಸೇರುತ್ತದೆ.

ಶಿರಸಿ ಸೀಮೆಯಲ್ಲಿ ಆಗ ಕೊನೆ (ಅಡಿಕೆ ಗೊನೆ) ಕೊಯ್ಲಿನ ಗಡಿಬಿಡಿ. ಹಣ್ಣಡಿಕೆಯ ಕಿತ್ತಳೆ ಬಣ್ಣ ಮೇಣದಬತ್ತಿಯ ಬೆಳಕಿನಲ್ಲಿ ಬಂಗಾರದಂತೆ ಹೊಳೆಯುತ್ತದೆ. ಕೊನೆಯಿಂದ ಒಂದೆರಡು ಎಸಳು ಮುರಿದುಕೊಂಡು ಹಸಿರಿನ ಮೇಲೆ ಮಲಗಿಸಿ. ಜೊತೆಗೆ ಸಿಂಗಾರವನ್ನೂ (ಅಡಿಕೆಯ ಹೂಗೊಂಚಲು) ಕೇಳುವವರಿದ್ದಾರೆ. ಕೆನೆಬಣ್ಣದ ಆ ತೆನೆಗೆ ಸಾಟಿಯಿಲ್ಲ ನಿಜ, ಆದರೆ ಒಂದು ಸಿಂಗಾರ ಕಡಿದರೆ ಒಂದು ಕೊನೆ ಅಡಿಕೆ ಹೋದಂತೆ. ತೋಟದವರು ಪ್ರೀತಿಯಿಂದ ಕೊಟ್ಟರೆ ತನ್ನಿ, ಒತ್ತಾಯ ಮಾಡಿ ತರಬೇಡಿ.

ಆಂಥೂರಿಯಂ ಘಟ್ಟದ ಮೇಲಿನ ಎಷ್ಟೋ ಮನೆಗಳ ಜಗುಲಿಯ ನೆರಳಿನಲ್ಲಿ ಬೆಳೆಯುತ್ತದೆ. ಕತ್ತರಿಸಿ ನೀರಿನಲ್ಲಿಟ್ಟರೆ ಎರಡು ವಾರದ ಹತ್ತಿರ ಬಾಳುತ್ತದೆ. ಕೆಳಗೆ ಕಳಿಸುವಾಗ ತೊಟ್ಟಿನ ತುದಿಗೆ ಒದ್ದೆ ಹತ್ತಿ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಕಟ್ಟಿ, ಹೂಗಳ ನಡುವೆ ಹಳೆ ಪೇಪರ್ ಇಟ್ಟು ಡಬ್ಬಿಯಲ್ಲಿ ಕಳಿಸಿ. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ. ಸೆಕೆ ನಾಡಿನ ಹೂವು ಅದು, ಫ್ರಿಜ್‌ನ ಚಳಿಗೆ ಕಪ್ಪುಗಟ್ಟುತ್ತದೆ. ಹೆಲಿಕೋನಿಯಾಕ್ಕೂ ಇದೇ ಮಾತು.

ಪಾಯಿನ್‌ಸೆಟ್ಟಿಯಾ ಬಗ್ಗೆ ಕೆಳಗೆ ಬೇರೆಯೇ ಹೇಳಿದ್ದೇನೆ.

ಒಂದು ಎಚ್ಚರಿಕೆ. ಕೆಂಪು ಬೇಕೆಂದು ಗುಲಗಂಜಿ ಕಾಯಿಯನ್ನು ಊಟದ ಮೇಜಿಗೆ ತರಲೇಬೇಡಿ. ಒಡೆದ ಕೋಡಿನಲ್ಲಿ ಕೆಂಪು-ಕಪ್ಪು ಬೀಜ ಕಣ್ಣು ಸೆಳೆಯುವುದೇ ಅಪಾಯ. ಅದರೊಳಗಿನ ಅಬ್ರಿನ್ ಕಡುವಿಷ. ಬೀಜ ಜಗಿದರೆ ಮಗುವಿನ ಜೀವಕ್ಕೇ ಸಂಚಕಾರ. ಕಣಗಿಲೆಯೂ ಹಾಗೆಯೇ. ಹೂ, ಎಲೆ, ಕಡ್ಡಿ ಎಲ್ಲವೂ ವಿಷ. ಅದನ್ನಿಟ್ಟ ನೀರು ಕೂಡ ಅನ್ನದ ಹತ್ತಿರ ಬರಬಾರದು.

ನಮ್ಮ ಮನೆಯ ಪಾಯಿನ್‌ಸೆಟ್ಟಿಯಾ ಡಿಸೆಂಬರ್ ಬಂದರೂ ಕೆಂಪಾಗುವುದಿಲ್ಲ. ಯಾಕೆ?

ಹತ್ತಿರದಲ್ಲಿ ಬೀದಿದೀಪ ಇದೆಯೇ ನೋಡಿ, ಅಥವಾ ಜಗುಲಿಯ ಬಲ್ಬು ಇಡೀ ರಾತ್ರಿ ಉರಿಯುತ್ತದೆಯೇ? ಈ ಗಿಡಕ್ಕೆ ಉದ್ದನೆಯ ಕತ್ತಲು ಬೇಕು. ರಾತ್ರಿ ಬೆಳೆದಂತೆ ತುದಿಯ ಎಲೆಗಳು ಕೆಂಪಾಗುತ್ತವೆ. ನಿಜವಾದ ಹೂವು ಆ ಕೆಂಪಿನ ನಡುವಿನ ಸಣ್ಣ ಹಳದಿ ಮೊಗ್ಗು. ಕತ್ತಲಿನ ನಡುವೆ ಬೆಳಕು ಬಿದ್ದರೆ ಗಿಡದ ಲೆಕ್ಕ ತಪ್ಪುತ್ತದೆ. ಅಕ್ಟೋಬರ್‌ನಿಂದಲೇ ಕುಂಡವನ್ನು ರಾತ್ರಿ ದೀಪದ ಬೆಳಕು ಬೀಳದ ಮೂಲೆಗೆ ಸರಿಸಿ, ನೆಲದಲ್ಲಿ ನೆಟ್ಟಿದ್ದರೆ ಜಗುಲಿಯ ದೀಪ ಬೇಗ ಆರಿಸಿ. ಇದರ ಮೂಲ ಮೆಕ್ಸಿಕೊ. 1820ರ ದಶಕದಲ್ಲಿ ಅಮೆರಿಕದ ರಾಯಭಾರಿಯಾಗಿ ಅಲ್ಲಿದ್ದ ಜೋಯೆಲ್ ಪಾಯಿನ್‌ಸೆಟ್ ತನ್ನ ದೇಶಕ್ಕೆ ಕಳಿಸಿದ್ದರಿಂದ ಅವನ ಹೆಸರು ಅಂಟಿಕೊಂಡಿತು.

ಕತ್ತರಿಸಿದಾಗ ಹಾಲು ಸುರಿಯುತ್ತದೆ. ಕೈಗೆ ತುರಿಕೆ, ಕಣ್ಣಿಗೆ ಬಿದ್ದರೆ ಉರಿ. ಕೈಗವಸು ಹಾಕಿಕೊಂಡು ಕತ್ತರಿಸಿ, ತೊಟ್ಟಿನ ತುದಿಯನ್ನು ಬಿಸಿನೀರಿನಲ್ಲಿ ಕೆಲವು ಸೆಕೆಂಡ್ ಅದ್ದಿದರೆ ಹಾಲು ನಿಲ್ಲುತ್ತದೆ, ಗೆಲ್ಲು ಬೇಗ ಬಾಡುವುದಿಲ್ಲ. ಊಟದ ಮೇಜಿಗೆ ನನ್ನ ಸಲಹೆ ಬೇರೆ: ಕತ್ತರಿಸದೆ ಸಣ್ಣ ಕುಂಡವನ್ನೇ ಬಾಳೆಲೆಯಲ್ಲಿ ಸುತ್ತಿ ಇಡಿ. ಎಲೆಯನ್ನು ಒಲೆಯ ಉರಿಯ ಮೇಲೆ ಬಾಡಿಸಿಕೊಂಡರೆ ಹರಿಯದೆ ಮಡಚಿಕೊಳ್ಳುತ್ತದೆ.

ಊಟದ ಮೇಜಿಗೆ ಯಾವ ಹೂವು ಒಳ್ಳೆಯದು?

ಅಬ್ಬಲಿಗೆ. ಇದನ್ನು ಹೇಳಿದಾಗ ಅನೇಕರಿಗೆ ಅಚ್ಚರಿ. ಮುಡಿಯುವ ಹೂವಲ್ಲವೇ ಎನ್ನುತ್ತಾರೆ. ಮುಡಿಯಲು ಒಳ್ಳೆಯದಾಗುವ ಗುಣವೇ ಮೇಜಿಗೂ ಬೇಕು. ನೀರಿಲ್ಲದೆ ಎರಡು ದಿನ ಬಾಡದೆ ಇರುತ್ತದೆ, ದಳ ಉದುರುವುದಿಲ್ಲ, ಹಗುರ. ಎಲ್ಲಕ್ಕಿಂತ ಮುಖ್ಯವಾಗಿ, ವಾಸನೆ ಇಲ್ಲ. ಹಬ್ಬದ ಮೇಜಿನಲ್ಲಿ ಸೊರ್ಪತೆಲ್, ಪುಲಾವ್, ಕೇಕು, ನೆವ್ರ್ಯೊಗಳ ಪರಿಮಳ ಮೂಗಿಗೆ ಬರಬೇಕು. ಅದರ ಮೇಲೆ ಹೂವಿನ ವಾಸನೆ ಸವಾರಿ ಮಾಡಬಾರದು. ಅಬ್ಬಲಿಗೆ ದಂಡೆಯನ್ನು ಮುರುಗಲು ಸೊಪ್ಪಿನ ನಡುವೆ ಹಾವಿನಂತೆ ಬಳಸಿ ಬಿಟ್ಟರೆ, ಬೇರೇನೂ ಇಲ್ಲದೆ ಮೇಜು ತುಂಬುತ್ತದೆ.

ಇದೇ ಕಾರಣಕ್ಕೆ ಭಟ್ಕಳ ಮಲ್ಲಿಗೆಯನ್ನು ನಾನು ಮೇಜಿನಿಂದ ದೂರ ಇಡುತ್ತೇನೆ. ಸಂಜೆ ಮೊಗ್ಗು ಬಿರಿದಾಗ ಮುಚ್ಚಿದ ಕೋಣೆಯಲ್ಲಿ ಅದರ ಪರಿಮಳ ಊಟಕ್ಕೆ ಅಡ್ಡ ಬರುತ್ತದೆ. ಬಾಗಿಲಿಗೆ, ಗೋದಲಿಗೆ, ಅಜ್ಜಿಯ ಮುಡಿಗೆ ಇರಲಿ. ಚಳಿಗಾಲದಲ್ಲಿ ಮಲ್ಲಿಗೆ ಕಡಿಮೆ, ಬೆಲೆ ಜಾಸ್ತಿ ಎಂಬುದೂ ಗೊತ್ತೇ ಇದೆ.

ಸೇವಂತಿಗೆ ಗಟ್ಟಿ ಹೂವು, ಧೈರ್ಯವಾಗಿ ಬಳಸಿ. ಗುಲಾಬಿ, ಜರ್ಬೆರಾ, ಕಾರ್ನೇಶನ್ ಹೊರಗಿನಿಂದ ಬಸ್ಸಿನಲ್ಲಿ ಬರುವಷ್ಟರಲ್ಲೇ ಅರ್ಧ ಜೀವ ಆಗಿರುತ್ತವೆ. ಅವು ಬೇಕೇ ಬೇಕೆಂದರೆ ಎರಡು ಮೂರು ಮಾತ್ರ, ಕಣ್ಣಿಗೆ ಬೀಳುವ ಜಾಗಕ್ಕೆ. ದಾಸವಾಳ ನೀರಿನಲ್ಲಿಟ್ಟರೂ ಇಡದಿದ್ದರೂ ಒಂದೇ ದಿನದ ಹೂವು. ಹಬ್ಬದ ಮಧ್ಯಾಹ್ನದ ಊಟಕ್ಕೆ ಬೆಳಿಗ್ಗೆ ಕೊಯ್ದು ಎಲೆಯ ಮೇಲೆ ಹಾಗೆಯೇ ಇಡಬಹುದು. ನೈದಿಲೆ ಸಂಜೆಗೆ ಮುಚ್ಚಿಕೊಳ್ಳುತ್ತದೆ, ರಾತ್ರಿ ಊಟಕ್ಕೆ ಬೇಡ.

ಪರಿಮಳ ಇರಲೇಬೇಕು, ಆದರೆ ಮೆಲ್ಲಗೆ ಇರಬೇಕು ಎನ್ನುವವರಿಗೆ ಸುರಗಿ ಇದೆ. ಬೇಸಿಗೆಯಲ್ಲಿ ಪೋಣಿಸಿ ಒಣಗಿಸಿಟ್ಟ ಸುರಗಿ ಸರ ಬಟ್ಟೆಯ ಪೆಟ್ಟಿಗೆಯಲ್ಲಿ ಇದ್ದರೆ ಹೊರತೆಗೆಯಿರಿ. ಒಣಗಿದ ಮೇಲೂ ಅದರ ಕಂಪು ಹೋಗುವುದಿಲ್ಲ. ಬಕುಲವೂ ಹಾಗೆ.

ಇವು ಪೂಜೆಯ ಹೂಗಳಲ್ಲವೇ? ಕ್ರಿಸ್ಮಸ್‌ಗೆ ಸರಿಹೋಗುತ್ತದೆಯೇ?

ನಮ್ಮ ಇಗರ್ಜಿಗಳಲ್ಲಿ ಹಬ್ಬದ ದಿನ ಸಂತರ ಪ್ರತಿಮೆಗೆ ಹಾಕುವ ಹಾರವೂ ಇದೇ ಅಬ್ಬಲಿಗೆ, ಸೇವಂತಿಗೆ, ಚೆಂಡುಹೂವಿನದು. ಅನುಮಾನವೇ ಬೇಡ.

ಹಸಿರು ಸ್ಪಂಜಿನಂಥ ಫೋಮ್ ಕಾರವಾರದಲ್ಲಿ ಎಲ್ಲಾ ಕಡೆ ಸಿಗುವುದಿಲ್ಲ. ಅದಿಲ್ಲದೆ ಹೂ ನಿಲ್ಲಿಸುವುದು ಹೇಗೆ?

ಸಿಕ್ಕರೂ ತರಬೇಡಿ. ಅದು ಪ್ಲಾಸ್ಟಿಕ್ ಜಾತಿಯದು, ಮಣ್ಣಿನಲ್ಲಿ ಕೊಳೆಯುವುದಿಲ್ಲ. ಪುಡಿಯಾಗಿ ನೀರಿಗೆ ಸೇರುತ್ತದೆ, ಕಾರವಾರದಲ್ಲಿ ಆ ನೀರು ಕೊನೆಗೆ ಕಡಲಿಗೇ ಹೋಗುವುದು. ನಮ್ಮಲ್ಲಿ ಬಾಳೆದಿಂಡು ಇರುವಾಗ ಅದು ಬೇಕಾಗಿಯೂ ಇಲ್ಲ.

ಗೊನೆ ಕಡಿದ ಬಾಳೆಯನ್ನು ಹೇಗೂ ಕಡಿದು ಹಾಕುತ್ತೇವೆ. ಅದರಿಂದ ಒಂದು ಅಡಿ ಉದ್ದದ ತುಂಡು ತೆಗೆದುಕೊಂಡು, ಮೇಲಿನ ಕೊಳಕು ಪದರ ಸುಲಿದು, ಉದ್ದಕ್ಕೆ ಎರಡು ಹೋಳು ಮಾಡಿ. ಒಂದು ಗಂಟೆ ನೀರಿನಲ್ಲಿ ಮುಳುಗಿಸಿಡಿ. ಸೀಳಿದ ಮುಖ ಕೆಳಗೆ, ಉಬ್ಬು ಮೇಲೆ ಬರುವಂತೆ ಇಟ್ಟರೆ ಅಲುಗಾಡದೆ ಕೂರುತ್ತದೆ. ತೆಂಗಿನ ಗರಿಯ ಕಡ್ಡಿಯಿಂದ ಮೊದಲು ತೂತು ಮಾಡಿ, ಆಮೇಲೆ ಹೂವಿನ ತೊಟ್ಟು ಇಳಿಸಿ. ನೇರವಾಗಿ ಚುಚ್ಚಲು ಹೋದರೆ ತೊಟ್ಟು ಮುರಿಯುತ್ತದೆ. ತೊಟ್ಟು ಮೆತ್ತಗಿರುವ ಜರ್ಬೆರಾ ಇದರಲ್ಲಿ ನಿಲ್ಲುವುದಿಲ್ಲ. ನೀರು ಹೆಚ್ಚು ಬೇಡುವ ಗುಲಾಬಿಗೆ ಸಣ್ಣ ಔಷಧಿ ಸೀಸೆಯನ್ನು ಚೆನ್ನಾಗಿ ತೊಳೆದು ನೀರು ತುಂಬಿ, ದಿಂಡಿನಲ್ಲಿ ಕುಳಿ ಕೊರೆದು ಹುದುಗಿಸಿ.

ಬಾಳೆಯ ಕಲೆ ಬಟ್ಟೆಗೆ ತಾಗಿದರೆ ಹೋಗುವುದಿಲ್ಲ. ಹಬ್ಬಕ್ಕೆಂದು ತೆಗೆದ ಬಿಳಿ ಮೇಜುಬಟ್ಟೆಯ ಮೇಲೆ ದಿಂಡನ್ನು ನೇರವಾಗಿ ಇಡಬಾರದು. ಅದಕ್ಕೆ ಅಡಿಕೆ ಹಾಳೆ ಇದೆಯಲ್ಲ! ತೋಟದಲ್ಲಿ ಉದುರಿದ ಅಗಲ ಹಾಳೆಯೊಂದನ್ನು ನೀರಿನಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ. ಎರಡೂ ತುದಿ ಮೇಲಕ್ಕೆ ಮಡಚಿ ದಾರದಿಂದ ಕಟ್ಟಿ, ಒಳಗೆ ಕಲ್ಲಿಟ್ಟು ಒಂದು ದಿನ ಒಣಗಿಸಿ. ದೋಣಿಯ ಆಕಾರದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಕಡಲೂರಿನ ಮೇಜಿಗೆ ಹಾಳೆಯ ದೋಣಿಗಿಂತ ಒಳ್ಳೆಯ ಪಾತ್ರೆ ನನಗೆ ಕಂಡಿಲ್ಲ. ಒಳಗೆ ಬಾಳೆಲೆ ಹಾಸಿ, ಅದರ ಮೇಲೆ ದಿಂಡು.

ಎರಡು ಮೂರು ದಿನಕ್ಕೆ ದಿಂಡು ವಾಸನೆ ಬರಲು ಶುರುವಾಗುತ್ತದೆ. 24ರ ಮಧ್ಯಾಹ್ನ ಕಡಿದದ್ದು 26ರವರೆಗೆ ಸಾಕು. ಹೆಚ್ಚು ದಿನ ಬೇಕಾದರೆ ಮಣ್ಣಿನ ಅಗಲ ಪಾತ್ರೆಯಲ್ಲಿ ಒದ್ದೆ ಮರಳು ತುಂಬಿ.

ಎತ್ತರ ಎಷ್ಟಿರಬೇಕು?

ಕೂತವರ ಗಲ್ಲಕ್ಕಿಂತ ಕೆಳಗೆ, ಮೇಜಿನಿಂದ ಸುಮಾರು ಒಂದು ಅಡಿ. ಮುಂಬೈಯಿಂದ, ಗಲ್ಫ್‌ನಿಂದ ವರ್ಷಕ್ಕೊಮ್ಮೆ ಬರುವ ಮಕ್ಕಳ ಮುಖ ಹೂವಿನ ಹಿಂದೆ ಅಡಗಬಾರದು. ಅಗಲ ಮೇಜಿನ ಮೂರನೇ ಒಂದು ಭಾಗ ಮೀರಿದರೆ ಬಟ್ಟಲು ಇಡಲು ಜಾಗ ಉಳಿಯುವುದಿಲ್ಲ.

ಹಣ್ಣನ್ನೂ ಹೂವನ್ನೂ ಒಟ್ಟಿಗೆ ಇಟ್ಟರೆ ಹೂ ಬೇಗ ಬಾಡುತ್ತದೆ ಎನ್ನುತ್ತಾರೆ. ನಿಜವೇ?

ನಿಜ, ಆದರೆ ಎಲ್ಲಾ ಹಣ್ಣಿಗೂ ಅಲ್ಲ. ಸೇಬು, ಕಳಿತ ಬಾಳೆಹಣ್ಣು, ಪಪ್ಪಾಯಿ ಎಥಿಲೀನ್ ಎಂಬ ಅನಿಲ ಬಿಡುತ್ತವೆ. ಕಾಯಿ ಹಣ್ಣಾಗಲು ಬೇಕಾದ ಅದೇ ಅನಿಲ ಹೂವನ್ನು ಮುದಿಯಾಗಿಸುತ್ತದೆ. ಕಾರ್ನೇಶನ್ ಅಂತೂ ಮೊದಲು ಮುದುಡಿಕೊಳ್ಳುತ್ತದೆ. ಹೂವನ್ನು ಫ್ರಿಜ್‌ನಲ್ಲಿ ಸೇಬಿನ ಜೊತೆ ಇಡುವುದೂ ಇದೇ ಕಾರಣಕ್ಕೆ ತಪ್ಪು.

ಕಿತ್ತಳೆ, ಮೂಸಂಬಿ, ನಿಂಬೆ, ಚಕ್ಕೋತ, ಅನಾನಸು ಇವುಗಳಿಂದ ಆ ಅನಿಲ ಬಹಳ ಕಡಿಮೆ. ಹೂವಿನ ಪಕ್ಕ ಇವೇ ಇರಲಿ. ಬನವಾಸಿ ಕಡೆಯ ಸಣ್ಣ ಅನಾನಸು ಒಂದನ್ನು ಜುಟ್ಟು ಸಮೇತ ಹಾಳೆಯ ದೋಣಿಯ ಒಂದು ತುದಿಗೆ ಒರಗಿಸಿಟ್ಟು, ಇನ್ನೊಂದು ತುದಿಗೆ ಮೂರು ಕಿತ್ತಳೆ ಇಟ್ಟು ನೋಡಿ. ಎರಡೂ ಕಡೆ ಒಂದೇ ಥರ ಇಡುವುದಕ್ಕಿಂತ ಇದು ಚೆಂದ. ಕಮರಾಕ್ಷಿ ಸಿಕ್ಕರೆ ಅಡ್ಡಕ್ಕೆ ಕೊಯ್ಯಿರಿ. ಪ್ರತಿ ಹೋಳೂ ಐದು ಮೂಲೆಯ ನಕ್ಷತ್ರ. ನಿಂಬೆರಸ ಸವರಿದರೆ ಅಂಚು ಬೇಗ ಕಪ್ಪಾಗುವುದಿಲ್ಲ. ಮೂತ್ರಪಿಂಡದ ಕಾಯಿಲೆ ಇರುವವರು ಮನೆಯಲ್ಲಿದ್ದರೆ ಇದು ನೋಡಲಿಕ್ಕೆ ಮಾತ್ರ ಎಂದು ಮೊದಲೇ ಹೇಳಿ. ಅವರಿಗೆ ಈ ಹಣ್ಣು ಅಪಾಯ.

ಅಲಂಕಾರಕ್ಕಿಟ್ಟ ಹಣ್ಣನ್ನು ಆಮೇಲೆ ತಿನ್ನಬಹುದೇ?

ಚುಚ್ಚದೆ, ತಂತಿ ಕಟ್ಟದೆ, ಬಣ್ಣ ಸಿಂಪಡಿಸದೆ ಇಟ್ಟಿದ್ದರೆ ತೊಳೆದು ತಿನ್ನಬಹುದು. ನಾನು ಇಡುವುದೇ ತಿನ್ನುವ ಲೆಕ್ಕದಲ್ಲಿ. ಪೇಟೆಯ ಹೂವಿಗೆ ಔಷಧ ಹೊಡೆದಿರುತ್ತಾರೆ, ಆದ್ದರಿಂದ ಹಣ್ಣಿಗೂ ಹೂವಿಗೂ ನಡುವೆ ಬಾಳೆಲೆಯ ತುಂಡು ಇರಲಿ. ಕೇಕಿನ ಮೇಲೆ ಪೇಟೆಯ ಹೂ ಇಡಬೇಡಿ.

ಕಿತ್ತಳೆಗೆ ಲವಂಗ ಚುಚ್ಚಿ ಇಟ್ಟದ್ದು ಬೂಸ್ಟು ಬಂತು.

ಕರಾವಳಿಯ ತೇವಕ್ಕೆ ಹಾಗಾಗುತ್ತದೆ. ಹಬ್ಬಕ್ಕೆ ಎರಡು ದಿನ ಮೊದಲು ಮಾತ್ರ ಚುಚ್ಚಿ, ಹಬ್ಬ ಮುಗಿದ ಕೂಡಲೇ ತೆಗೆಯಿರಿ. ಒಣಗಿದ ಕಿತ್ತಳೆ ಬಿಲ್ಲೆ ಬೇಕಿದ್ದರೆ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಕೊಯ್ದು, ಓವನ್‌ನಲ್ಲಿ 100 ಡಿಗ್ರಿಯಲ್ಲಿ ಮೂರು ಗಂಟೆಯಷ್ಟು ಹೊತ್ತು, ನಡುವೆ ತಿರುವಿ ಹಾಕುತ್ತ ಒಣಗಿಸಿ. ಗಾಳಿಯಾಡದ ಡಬ್ಬಿಯಲ್ಲಿಟ್ಟು ಹಬ್ಬದ ದಿನವೇ ಹೊರತೆಗೆಯಿರಿ.

ಇರುವೆ?

ಪಾತ್ರೆಯನ್ನು ನೀರು ತುಂಬಿದ ಅಗಲ ತಟ್ಟೆಯ ಮೇಲೆ ಎತ್ತರಿಸಿಟ್ಟರೆ ಬರುವುದಿಲ್ಲ. ಅನಾನಸಿನ ಬುಡವನ್ನು ಒದ್ದೆ ಬಟ್ಟೆಯಿಂದ ಒರೆಸಿ. ಇರುವೆಪುಡಿ ಮೇಜಿನ ಹತ್ತಿರ ಬೇಡವೇ ಬೇಡ.

ಎಷ್ಟು ಮೊದಲು ಶುರು ಮಾಡಬೇಕು? ಕಾರವಾರದ ಸೆಕೆಗೆ ಹೂ ತಡೆಯುತ್ತದೆಯೇ?

ಡಿಸೆಂಬರ್‌ನಲ್ಲೂ ಇಲ್ಲಿ ಮಧ್ಯಾಹ್ನ 30 ಡಿಗ್ರಿ ದಾಟುತ್ತದೆ. ಶಿರಸಿಯವರು 23ಕ್ಕೇ ಮಾಡಿಟ್ಟರೂ ನಡೆದೀತು, ಕೆಳಗಿನವರು 24ರ ಸಂಜೆ ಮಾಡಿ. ಸೊಪ್ಪು ಮಾತ್ರ ಹಿಂದಿನ ದಿನ ಬೆಳಿಗ್ಗೆ ಬಿಸಿಲೇರುವ ಮೊದಲು ಕೊಯ್ದು, ಬಕೆಟ್ ನೀರಿನಲ್ಲಿ ರಾತ್ರಿಯಿಡೀ ನಿಲ್ಲಿಸಿ. ತೊಟ್ಟನ್ನು ಓರೆಯಾಗಿ ಕತ್ತರಿಸಬೇಕು, ನೀರಿಗೆ ಮುಳುಗುವ ಎಲೆ ತೆಗೆಯಬೇಕು. ಹೂದಾನಿಯ ನೀರಿಗೆ ಲೀಟರಿಗೆ ಒಂದು ದೊಡ್ಡ ಚಮಚ ಸಕ್ಕರೆ, ಎರಡು ದೊಡ್ಡ ಚಮಚ ನಿಂಬೆರಸ, ಕಾಲು ಚಿಕ್ಕ ಚಮಚ ಬ್ಲೀಚ್ ಹಾಕಿದರೆ ಹೂ ಒಂದೆರಡು ದಿನ ಹೆಚ್ಚು ಬಾಳುತ್ತದೆ. ಸಕ್ಕರೆ ಹೂವಿಗೆ ಆಹಾರ, ಬ್ಲೀಚ್ ನೀರು ಕೊಳೆಯದಂತೆ ತಡೆಯುತ್ತದೆ. ಫ್ಯಾನಿನ ನೇರ ಗಾಳಿ ಹೂವಿಗೆ ಬಿಸಿಲಿನಷ್ಟೇ ಕೆಟ್ಟದ್ದು. ಮಧ್ಯರಾತ್ರಿಯ ಪೂಜೆಗೆ ಹೊರಡುವಾಗ ಆರಿಸಿ ಹೋಗಿ.

ಕಾರವಾರದವರಿಗೆ ಭಾನುವಾರದ ಸಂತೆ ಮರೆಯಬಾರದ ಜಾಗ. ಹಬ್ಬದ ಹಿಂದಿನ ಭಾನುವಾರ ನಿಂಬೆ, ಬಾಳೆಲೆ, ಅನಾನಸು ಅಲ್ಲೇ ತೆಗೆದುಕೊಳ್ಳಿ. ಹೂ ಮಾತ್ರ ಕೊನೆಯ ದಿನ.

ಮೇಣದಬತ್ತಿ ನಡುವೆ ಇಡಬಹುದೇ?

ಗಾಜಿನ ಚಿಮಣಿಯೊಳಗೆ ಇಡಬಹುದು. ಸೊಪ್ಪಿನಿಂದ ಒಂದು ಗೇಣು ದೂರ ಇರಲಿ, ಒಣ ಗಾಳಿಮರದ ಸೊಪ್ಪು ಇದ್ದರೆ ಬೇಡವೇ ಬೇಡ, ಅದು ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಊಟ ಮುಗಿಸಿ ಏಳುವಾಗ ಬತ್ತಿ ಆರಿಸಿಯೇ ಏಳಿ. ಮಕ್ಕಳು ಓಡಾಡುವ ಮನೆಗೆ ಬ್ಯಾಟರಿ ದೀಪ ಸಾಕು.

ಆಗಮನ ಕಾಲದ (ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ವಾರ) ನಾಲ್ಕು ಬತ್ತಿಯ ಚಕ್ರವನ್ನೇ ಕ್ರಿಸ್ಮಸ್ ಮೇಜಿಗೂ ಬಳಸಬಹುದೇ?

ಧಾರಾಳವಾಗಿ. ಆ ಪದ್ಧತಿ ಬೆಳೆದದ್ದೇ ಮನೆಯೊಂದರಲ್ಲಿ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್ರಿಕ್ ವಿಖರ್ನ್ ಎಂಬ ಪಾದ್ರಿ, ಕ್ರಿಸ್ಮಸ್ ಯಾವಾಗ ಎಂದು ದಿನವೂ ಕೇಳುತ್ತಿದ್ದ ಮಕ್ಕಳಿಗಾಗಿ ಗಾಡಿಯ ಚಕ್ರದ ಮೇಲೆ ದಿನಕ್ಕೊಂದು ಬತ್ತಿ ಹಚ್ಚಿದ. ಭಾನುವಾರಕ್ಕೆ ದೊಡ್ಡದು, ಉಳಿದ ದಿನಕ್ಕೆ ಚಿಕ್ಕದು. ಈಗ ನಾವು ಇಡುವುದು ಮೂರು ನೇರಳೆ, ಒಂದು ಗುಲಾಬಿ ಬಣ್ಣದ ಬತ್ತಿ. ಗುಲಾಬಿಯದು ಮೂರನೇ ಭಾನುವಾರಕ್ಕೆ.

ನಾಲ್ಕು ವಾರ ಒಂದೇ ಸೊಪ್ಪು ಉಳಿಯುವುದಿಲ್ಲ. ಚಕ್ರವನ್ನು ಬಾಳೆನಾರಿನಲ್ಲಿ ಬಿಗಿದ ಬಿದಿರಿನಿಂದ ಮಾಡಿಕೊಂಡರೆ ಪ್ರತಿ ಶನಿವಾರ ಸೊಪ್ಪು ಬದಲಿಸುವುದು ಸುಲಭ. 24ರ ರಾತ್ರಿ ನೇರಳೆ ಬತ್ತಿ ತೆಗೆದು ನಾಲ್ಕೂ ಕಡೆ ಬಿಳಿ ಬತ್ತಿ ಇಟ್ಟು, ಅಬ್ಬಲಿಗೆ ದಂಡೆ ಸುತ್ತಿದರೆ ಅದೇ ಹಬ್ಬದ ಮೇಜಿನ ನಡುವಿನ ಅಲಂಕಾರ.

ಕಾಡಿನಿಂದ ಪಾಚಿ, ಸೀತಾಳೆ (ಕಾಡಿನ ಆರ್ಕಿಡ್) ತರಬಹುದೇ?

ಬೇಡ. ಮರದ ಮೇಲಿನ ಪಾಚಿ ಒಂದು ಅಂಗೈಯಷ್ಟು ಬೆಳೆಯಲು ವರ್ಷಗಳು ಬೇಕು, ನಾವು ಅದನ್ನು ಎರಡು ದಿನಕ್ಕೆ ಕಿತ್ತು ತರುತ್ತೇವೆ. ಸೀತಾಳೆ ಡಿಸೆಂಬರ್‌ನಲ್ಲಿ ಹೂ ಬಿಡುವುದೂ ಇಲ್ಲ. ಅರಣ್ಯದಿಂದ ಕೀಳುವುದು ಕಾನೂನಿಗೂ ವಿರುದ್ಧ. ಕಡಲತೀರದ ಗಾಳಿಮರದ ಗೆಲ್ಲನ್ನೂ ಕಡಿಯಬೇಡಿ. ಆ ಸಾಲು ಮರಳು ಹಾರದಂತೆ ತಡೆದು ನಿಂತಿದೆ. ಗಾಳಿಗೆ ಬಿದ್ದದ್ದು ಆರಿಸಿಕೊಂಡರೆ ಸಾಕಷ್ಟಿರುತ್ತದೆ.

ನಮ್ಮಲ್ಲಿ ಊಟದ ಮೇಜೇ ಇಲ್ಲ. ಚಾಪೆ ಹಾಸಿ ಕೂರುತ್ತೇವೆ.

ಇನ್ನೂ ಒಳ್ಳೆಯದು. ಉದ್ದಕ್ಕೆ ಬಾಳೆಲೆ ಹಾಸಿ, ನಡುವೆ ಎರಡು ಮೂರು ಗೆರಟೆ ರಾಗಿ ಪೈರು, ನಡುನಡುವೆ ಕಿತ್ತಳೆ, ಎರಡು ಬದಿಗೂ ಸೇವಂತಿಗೆ. ಎತ್ತರ ಒಂದು ಗೇಣು ದಾಟಬಾರದು, ಬಡಿಸುವವರು ಬಗ್ಗಿದಾಗ ಸೆರಗು ಸಿಕ್ಕಿಕೊಳ್ಳುತ್ತದೆ. ಉರಿಯುವ ಬತ್ತಿಯನ್ನು ನೆಲದಲ್ಲಿ ಇಡಬೇಡಿ, ಗೋಡೆಯ ಗೂಡಿನಲ್ಲಿಡಿ.

ಜನವರಿ 6ರ ಮೂರು ರಾಯರ ಹಬ್ಬದ ತನಕ ಮೇಜು ಹಾಗೆಯೇ ಇರಬೇಕು. ಹೇಗೆ?

ಒಂದೇ ಸಲ ಮಾಡಿದ್ದು ಅಷ್ಟು ದಿನ ಬರುವುದಿಲ್ಲ, ಕೆಳಗಿನ ಆಧಾರ ಮಾತ್ರ ಬರುತ್ತದೆ. ಹಾಳೆಯ ದೋಣಿ, ಗಾಳಿಮರದ ಕಾಯಿ, ಹಣ್ಣಡಿಕೆ, ಸುರಗಿ ಸರ ಕೊನೆಯವರೆಗೂ ಇರಲಿ. 26ಕ್ಕೆ ಬಾಳೆದಿಂಡು ತೆಗೆದು ಒದ್ದೆ ಮರಳಿನ ಪಾತ್ರೆ ಇಡಿ. 31ರಂದು ಸೊಪ್ಪು ಬದಲಿಸಿ, ಹೊಸ ವರ್ಷದ ಊಟಕ್ಕೆ ಹೊಸ ಸೇವಂತಿಗೆ ತನ್ನಿ. ಆಂಥೂರಿಯಂ ಇದ್ದರೆ ಅದನ್ನು ಮುಟ್ಟಬೇಕಾಗಿಲ್ಲ, ನೀರು ಬದಲಿಸಿದರಾಯಿತು. ಹಣ್ಣನ್ನು ಮೂರು ದಿನಕ್ಕೊಮ್ಮೆ ತಿಂದು, ಹೊಸದು ಇಡಿ.

7ರಂದು ತೆಗೆಯುವಾಗ ತಂತಿ, ದಾರ, ಸೀಸೆ ಬೇರೆ ಮಾಡಿ ಮುಂದಿನ ವರ್ಷಕ್ಕೆ ಎತ್ತಿಡಿ. ದಿಂಡು, ಸೊಪ್ಪು, ಹಾಳೆ ಎಲ್ಲ ತೆಂಗಿನ ಬುಡಕ್ಕೆ. ರಾಗಿ ಪೈರನ್ನು ದನಕ್ಕೆ ಹಾಕಬಹುದು. ಪಾಯಿನ್‌ಸೆಟ್ಟಿಯಾ ಕುಂಡವನ್ನು ಹೊರಗಿಟ್ಟು, ಎಲೆ ಉದುರಿದ ಮೇಲೆ ಮಾರ್ಚ್ ಹೊತ್ತಿಗೆ ಗೆಲ್ಲುಗಳನ್ನು ಅರ್ಧಕ್ಕೆ ಕತ್ತರಿಸಿ. ಕತ್ತರಿಸಿದ ತುಂಡು ಮಣ್ಣಿನಲ್ಲಿ ಊರಿದರೆ ಬೇರು ಬಿಡುತ್ತದೆ, ಪಕ್ಕದ ಮನೆಯವರಿಗೂ ಒಂದು ಗಿಡ ಆಗುತ್ತದೆ.